ಮೂಡಲ್‌ನ ಕ್ವಿಜ್ ಚಾರ್ಟ್‌ಗಳು: ಮೊದಲು ಕಾಣುವುದಕ್ಕಿಂತ ಒಳಗಿರುವುದೇ ಮೇಲು

ಆನ್‌ಲೈನ್ ಕೋರ್ಸ್‌ನಲ್ಲಿ ಕ್ವಿಜ್ ಕೊಡುವುದು ಈಗ ಯಾರಿಗೂ ಕಷ್ಟದ ಕೆಲಸವಲ್ಲ. ಉತ್ತರಗಳೆಲ್ಲ ಬಂದ ಮೇಲೆ ತರಗತಿಗೆ ಯಾವ ಪಾಠ ತಲುಪಿದೆ, ಯಾವುದು ತಲುಪಿಲ್ಲ ಎಂದು ತಿಳಿಯುವುದೇ ಕಷ್ಟ. 60 ವಿದ್ಯಾರ್ಥಿಗಳು 20 ಪ್ರಶ್ನೆಗಳಿಗೆ ಉತ್ತರಿಸಿದರೆ 1,200 ಉತ್ತರಗಳ ಕೋಷ್ಟಕ ಎದುರಿಗೆ ನಿಲ್ಲುತ್ತದೆ. ಅದನ್ನು ಸಾಲುಸಾಲಾಗಿ ಓದಿ, ಮರುದಿನದ ತರಗತಿಗೆ ಮುಂಚೆ ಒಂದು ತೀರ್ಮಾನಕ್ಕೆ ಬರುವಷ್ಟು ಬಿಡುವು ಅಧ್ಯಾಪಕರಿಗೆ ಇರುವುದಿಲ್ಲ. ಚಾರ್ಟ್ ಬೇಕಾಗುವುದು ಇಂಥ ಕಡೆಯೇ. ಆನ್‌ಲೈನ್ ಕೋರ್ಸ್ ನಡೆಸಲು ಅನೇಕ ಕಾಲೇಜುಗಳಲ್ಲಿ ಬಳಕೆಯಲ್ಲಿರುವ ಮೂಡಲ್ ತಂತ್ರಾಂಶ ಈ ವಿಷಯದಲ್ಲಿ ಏನು ಕೊಡುತ್ತದೆ, ಕೊಟ್ಟದ್ದರಲ್ಲಿ ಪಾಠಕ್ಕೆ ಒದಗುವುದು ಎಷ್ಟು ಎಂಬುದನ್ನು ಇಲ್ಲಿ ನೋಡಿದ್ದೇನೆ.

ಮೂಡಲ್ ಉಚಿತವಾಗಿ ಸಿಗುವ ಮುಕ್ತ ತಂತ್ರಾಂಶ. ಆಸ್ಟ್ರೇಲಿಯಾದ ಮಾರ್ಟಿನ್ ಡೌಗಿಯಾಮಸ್ ಆರಂಭಿಸಿದ ಈ ತಂತ್ರಾಂಶದ 1.0 ಆವೃತ್ತಿ 2002ರಲ್ಲಿ ಹೊರಬಂತು. 2016ರ ಕೊನೆಯಲ್ಲಿ ಬಂದ 3.2ನೇ ಆವೃತ್ತಿಯಿಂದ ಚಾರ್ಟ್‌ಗಳನ್ನು ಬ್ರೌಸರ್‌ನಲ್ಲೇ ಬಿಡಿಸುವ ಹೊಸ ವ್ಯವಸ್ಥೆ ಸೇರಿಕೊಂಡಿತು. ಚಾರ್ಟ್‌ನ ಪಟ್ಟಿಯ (ಬಾರ್‌ನ) ಮೇಲೆ ಮೌಸ್ ಇಟ್ಟರೆ ಅದರ ಸಂಖ್ಯೆ ಕಾಣಿಸುತ್ತದೆ. ಚಾರ್ಟ್‌ನ ಕೆಳಗಿರುವ ಕೊಂಡಿಯನ್ನು ಒತ್ತಿದರೆ ಅದೇ ಮಾಹಿತಿ ಕೋಷ್ಟಕದ ರೂಪದಲ್ಲಿ ತೆರೆದುಕೊಳ್ಳುತ್ತದೆ. ಈ ಎರಡನೆಯದನ್ನು ನಾನು ಬಹಳ ಮೆಚ್ಚುತ್ತೇನೆ. ಚಿತ್ರವನ್ನಷ್ಟೇ ಕೊಟ್ಟು ಕೈತೊಳೆದುಕೊಂಡಿದ್ದರೆ ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ನೆರವಿನಿಂದ ಕೆಲಸ ಮಾಡುವ ದೃಷ್ಟಿಹೀನ ಅಧ್ಯಾಪಕರು ಈ ಫಲಿತಾಂಶದಿಂದ ಹೊರಗೇ ಉಳಿಯುತ್ತಿದ್ದರು.

ಕ್ವಿಜ್‌ನ ಫಲಿತಾಂಶದ ಪುಟಕ್ಕೆ ಹೋದೊಡನೆ ಸಿಗುವುದು ಅಂಕಗಳ ವರದಿ. ಅಲ್ಲಿ ವಿದ್ಯಾರ್ಥಿಗಳ ಹೆಸರು, ಅಂಕಗಳ ಕೋಷ್ಟಕ ಮುಗಿದ ಮೇಲೆ ಒಂದು ಬಾರ್ ಚಾರ್ಟ್ ಬರುತ್ತದೆ. ಅಂಕಗಳ ಯಾವ ಅಂತರದಲ್ಲಿ ಎಷ್ಟು ಮಂದಿ ಇದ್ದಾರೆ ಎಂಬುದನ್ನು ಅದು ತೋರಿಸುತ್ತದೆ. 100 ಅಂಕಗಳ ಕ್ವಿಜ್ ಆದರೆ ಐದೈದು ಅಂಕಗಳ 20 ಪಟ್ಟಿಗಳು. 10 ಅಂಕಗಳದ್ದಾದರೆ ಅರ್ಧರ್ಧ ಅಂಕದ 20 ಪಟ್ಟಿಗಳು. ಪಟ್ಟಿಯ ಅಗಲವನ್ನು ತಂತ್ರಾಂಶವೇ ಲೆಕ್ಕಹಾಕುವುದರಿಂದ, ನಮ್ಮ ವಿಶ್ವವಿದ್ಯಾಲಯದ ಉತ್ತೀರ್ಣ ಅಂಕ ಅಥವಾ ಪ್ರಥಮ ದರ್ಜೆಯ ಗಡಿಗೆ ತಕ್ಕಂತೆ ಚಾರ್ಟ್ ಹೊಂದಿಸಿಕೊಳ್ಳಲು ಆ ಪುಟದಲ್ಲಿ ಅವಕಾಶವಿಲ್ಲ. ಪ್ರತಿ ಪ್ರಶ್ನೆಗೆ ಒಂದು ಪೂರ್ಣ ಅಂಕವಿರುವ 10 ಅಂಕಗಳ ಕ್ವಿಜ್‌ನಲ್ಲಿ ಅರ್ಧ ಅಂಕ ಯಾರಿಗೂ ಬರುವುದಿಲ್ಲವಾದ್ದರಿಂದ, ಒಂದು ಬಿಟ್ಟು ಒಂದು ಪಟ್ಟಿ ಖಾಲಿಯಾಗಿ, ತರಗತಿಯಲ್ಲಿ ಏನೋ ದೊಡ್ಡ ಕಂದಕವಿದೆ ಎಂಬ ಸುಳ್ಳು ಭಾವನೆಯನ್ನು ಚಾರ್ಟ್ ಹುಟ್ಟಿಸುತ್ತದೆ. ಫೋನಿನ ಕಿರಿದಾದ ಪರದೆಯಲ್ಲಂತೂ ಇಷ್ಟೊಂದು ಪಟ್ಟಿಗಳನ್ನು ಓದುವುದು ಕಣ್ಣಿಗೆ ಹಿಂಸೆ.

ಇದಕ್ಕಿಂತ ಮುಖ್ಯವಾದ ಕೊರತೆ ಬೇರೆಯೇ ಇದೆ. ಯಾರು ಎಷ್ಟು ಗಳಿಸಿದರು ಎಂಬುದನ್ನು ಈ ಚಾರ್ಟ್ ಹೇಳುತ್ತದೆಯೇ ಹೊರತು ಯಾವ ಪಾಠವನ್ನು ಮತ್ತೆ ಮಾಡಬೇಕು ಎಂಬುದರ ಸುಳಿವನ್ನು ಕೊಡುವುದಿಲ್ಲ. ಇದನ್ನು ಪ್ರೊಜೆಕ್ಟರ್‌ನಲ್ಲಿ ಹಾಕಿ ತರಗತಿಗೆ ತೋರಿಸುವ ಪದ್ಧತಿಯನ್ನು ನಾನು ಖಂಡಿತ ಒಪ್ಪುವುದಿಲ್ಲ. 12 ಜನರ ತರಗತಿಯಲ್ಲಿ ಎಡತುದಿಯಲ್ಲಿ ಒಂಟಿಯಾಗಿ ನಿಂತ ಪಟ್ಟಿ ಯಾರದ್ದೆಂದು ಹೆಸರಿಲ್ಲದಿದ್ದರೂ ಎಲ್ಲರಿಗೂ ಗೊತ್ತಾಗುತ್ತದೆ; ಆ ವಿದ್ಯಾರ್ಥಿ ಮುಂದಿನ ಕ್ವಿಜ್‌ಗೆ ಯಾವ ಮನಸ್ಸಿನಿಂದ ಕುಳಿತಾನು?

ನಿಜವಾಗಿ ಬೆಲೆಬಾಳುವ ಚಾರ್ಟ್ ಇರುವುದು ಅಂಕಿಅಂಶಗಳ ವರದಿಯಲ್ಲಿ. ಅದೇ ಫಲಿತಾಂಶದ ಪುಟದ ಆಯ್ಕೆಪಟ್ಟಿಯಲ್ಲಿ ಅದು ಕೊನೆಯ ಕಡೆ ಅಡಗಿದೆ. ವರ್ಷಗಟ್ಟಲೆ ಮೂಡಲ್ ಬಳಸಿದವರಲ್ಲೂ ಅದನ್ನು ತೆರೆಯದವರು ಇದ್ದಾರೆ. ಇಲ್ಲಿ ಅಡ್ಡಗೆರೆಯ ಮೇಲೆ ವಿದ್ಯಾರ್ಥಿಗಳ ಅಂಕಗಳ ಬದಲು ಪ್ರಶ್ನೆಗಳ ಸಂಖ್ಯೆ ಇರುತ್ತದೆ, ಪ್ರತಿ ಪ್ರಶ್ನೆಗೂ ಎರಡೆರಡು ಪಟ್ಟಿಗಳಿರುತ್ತವೆ. ಮೊದಲನೆಯದು ಸುಲಭತೆಯ ಸೂಚಿ, ಅಂದರೆ ಆ ಪ್ರಶ್ನೆಯಲ್ಲಿ ತರಗತಿ ಗಳಿಸಿದ ಸರಾಸರಿ ಅಂಕದ ಶೇಕಡಾ ಪ್ರಮಾಣ. ಒಟ್ಟಿನಲ್ಲಿ ಚೆನ್ನಾಗಿ ಮಾಡಿದವರು ಆ ಪ್ರಶ್ನೆಯಲ್ಲೂ ಚೆನ್ನಾಗಿ ಮಾಡಿದ್ದಾರೆಯೇ ಎಂಬುದನ್ನು, ಪ್ರಶ್ನೆಯ ಕಷ್ಟಸುಲಭಗಳನ್ನೂ ಗಣನೆಗೆ ತೆಗೆದುಕೊಂಡು ಹೇಳುವುದು ಎರಡನೆಯ ಪಟ್ಟಿ. ಇವುಗಳ ಜೊತೆ ಕೋಷ್ಟಕದಲ್ಲಿ ಪ್ರಮಾಣ ವಿಚಲನೆ (ಅಂಕಗಳು ಎಷ್ಟು ಹರಡಿವೆ ಎಂಬ ಅಳತೆ), ಕಣ್ಣುಮುಚ್ಚಿ ಊಹಿಸಿದರೂ ಬರಬಹುದಾದ ಅಂಕ, ಪ್ರಶ್ನೆಯ ವ್ಯತ್ಯಾಸ ಸೂಚಿ (ಚೆನ್ನಾಗಿ ಬಲ್ಲವರನ್ನೂ ಬಲ್ಲದವರನ್ನೂ ಪ್ರಶ್ನೆ ಎಷ್ಟು ಬೇರ್ಪಡಿಸುತ್ತದೆ ಎಂಬ ಅಳತೆ) ಇವೆಲ್ಲ ದೊರೆಯುತ್ತವೆ. ಸುಲಭತೆ 35ರಿಂದ 64ರ ನಡುವೆ ಇದ್ದರೆ ಸರಾಸರಿ ವಿದ್ಯಾರ್ಥಿಗೆ ಹದವಾದ ಪ್ರಶ್ನೆಯೆಂದೂ, ವ್ಯತ್ಯಾಸ ಸೂಚಿ 50 ದಾಟಿದರೆ ಬಹಳ ಒಳ್ಳೆಯ ಪ್ರಶ್ನೆಯೆಂದೂ, ಅದು ಸೊನ್ನೆಗಿಂತ ಕೆಳಗಿಳಿದರೆ ಪ್ರಶ್ನೆಯೇ ಅಮಾನ್ಯವಾಗಿರಬಹುದೆಂದೂ ಮೂಡಲ್‌ನ ದಾಖಲೆಗಳು ಹೇಳುತ್ತವೆ.

ಇದರ ಉಪಯೋಗವನ್ನು ಒಂದು ಉದಾಹರಣೆಯಲ್ಲಿ ನೋಡಬಹುದು. ಒಂದು ಸಂಸ್ಥೆಯ ಐವರು ನೌಕರರ ತಿಂಗಳ ಸಂಬಳ 12,000, 13,000, 14,000, 15,000 ಮತ್ತು 96,000 ರೂಪಾಯಿ; ಸಾಮಾನ್ಯ ನೌಕರನ ಸಂಬಳವನ್ನು ಯಾವ ಸಂಖ್ಯೆ ಸರಿಯಾಗಿ ಪ್ರತಿನಿಧಿಸುತ್ತದೆ ಎಂಬುದು ಪ್ರಶ್ನೆ. ಸರಾಸರಿ 30,000; ಮಧ್ಯಾಂಕ, ಅಂದರೆ ಏರಿಕೆಯ ಕ್ರಮದಲ್ಲಿ ನಟ್ಟನಡುವೆ ಬರುವ ಸಂಖ್ಯೆ, 14,000. ಐವರಲ್ಲಿ ನಾಲ್ವರು ಸರಾಸರಿಯ ಅರ್ಧವನ್ನಷ್ಟೇ ಅಥವಾ ಅದಕ್ಕೂ ಕಡಿಮೆ ಪಡೆಯುವುದರಿಂದ ಸರಿಯುತ್ತರ 14,000. ಚಾರ್ಟ್‌ನಲ್ಲಿ ಈ ಪ್ರಶ್ನೆಯ ಸುಲಭತೆಯ ಪಟ್ಟಿ 30ರ ಆಸುಪಾಸಿನಲ್ಲಿ ನಿಂತು, ಪಕ್ಕದ ಪಟ್ಟಿ ಎತ್ತರವಾಗಿದ್ದರೆ ಪ್ರಶ್ನೆ ಕಷ್ಟವಾದರೂ ಸರಿಯಾಗಿದೆ ಎಂದರ್ಥ. ಎರಡೂ ಪಟ್ಟಿಗಳು ಗಿಡ್ಡವಾಗಿದ್ದರೆ ಪ್ರಶ್ನೆಯ ಮೇಲೆ ಒತ್ತಿ ಒಳಗೆ ಹೋಗಬೇಕು. ಅಲ್ಲಿ ಯಾವ ಆಯ್ಕೆಯನ್ನು ಎಷ್ಟು ಮಂದಿ ಆರಿಸಿದ್ದಾರೆ ಎಂಬ ವಿವರವಿದೆ. ಹೆಚ್ಚಿನವರು 30,000ವನ್ನೇ ಆರಿಸಿದ್ದರೆ, ಸರಾಸರಿಯನ್ನು ಲೆಕ್ಕಹಾಕಲು ಎಲ್ಲರಿಗೂ ಬರುತ್ತದೆ, ಅದನ್ನು ಎಲ್ಲಿ ಬಳಸಬಾರದು ಎಂಬುದು ಮಾತ್ರ ತಿಳಿದಿಲ್ಲ ಎಂಬುದು ಸ್ಪಷ್ಟ. ಮರುದಿನ ಹದಿನೈದು ನಿಮಿಷ ಯಾವುದಕ್ಕೆ ಮೀಸಲಿಡಬೇಕು ಎಂಬ ಪ್ರಶ್ನೆಗೆ ಇಷ್ಟು ನೇರವಾದ ಉತ್ತರವನ್ನು ಅಂಕಗಳ ಚಾರ್ಟ್ ಎಂದೂ ಕೊಡಲಾರದು.

ಆದರೆ ಇಷ್ಟು ಒಳ್ಳೆಯ ಚಾರ್ಟ್‌ನ ಪಕ್ಕದಲ್ಲೇ ಅದನ್ನು ಓದುವ ಬಗೆಯನ್ನು ವಿವರಿಸುವ ನಾಲ್ಕು ಸಾಲು ಇಲ್ಲದಿರುವುದು ದೊಡ್ಡ ಲೋಪ. ಮೇಲೆ ಹೇಳಿದ ಗಡಿಸಂಖ್ಯೆಗಳನ್ನು ದಾಖಲೆಗಳ ತಾಣದಲ್ಲಿ ಹುಡುಕಿ ಓದಬೇಕು. ಸಂಖ್ಯಾಶಾಸ್ತ್ರದ ಪರಿಚಯವಿಲ್ಲದ ಇತಿಹಾಸದ ಅಥವಾ ಕನ್ನಡದ ಅಧ್ಯಾಪಕರು ಆ ಹುಡುಕಾಟಕ್ಕೆ ಹೋಗದೆ ಪುಟವನ್ನೇ ಮುಚ್ಚಿಬಿಟ್ಟರೆ ಅವರನ್ನು ದೂರುವಂತಿಲ್ಲ. ಚಿಕ್ಕ ತರಗತಿಯಲ್ಲಿ ಇಬ್ಬರು ಮೂವರ ಉತ್ತರದಿಂದಲೇ ಎರಡನೆಯ ಪಟ್ಟಿ ಏರಿಳಿಯುತ್ತದೆ, ಹಾಗಾಗಿ ಅದನ್ನು ಅಷ್ಟಾಗಿ ನೆಚ್ಚಬಾರದು ಎಂಬ ಎಚ್ಚರಿಕೆಯೂ ಅಲ್ಲಿಯೇ ಇರಬೇಕಿತ್ತು.

ಗೂಗಲ್ ಫಾರ್ಮ್ಸ್‌ನ ಕ್ವಿಜ್ ಈ ವಿಷಯದಲ್ಲಿ ಹೆಚ್ಚು ಸರಳ. ಸರಾಸರಿ, ಮಧ್ಯಾಂಕ, ಕನಿಷ್ಠ–ಗರಿಷ್ಠ ಅಂಕಗಳ ನಂತರ, ಹೆಚ್ಚು ಮಂದಿ ತಪ್ಪಿದ ಪ್ರಶ್ನೆಗಳನ್ನು ಅದು ತಾನಾಗಿಯೇ ಮುಂದೆ ತಂದಿಡುತ್ತದೆ. ಪ್ರತಿ ಪ್ರಶ್ನೆಯ ಚಾರ್ಟ್‌ನಲ್ಲಿ ಸರಿಯುತ್ತರದ ಪಕ್ಕ ಟಿಕ್ ಗುರುತು ಇರುತ್ತದೆ. ಮೊದಲ ನೋಟಕ್ಕೆ ಬೇಕಾದ್ದು ಇದೇ. ಪ್ರಶ್ನೆಯೇ ದೋಷಪೂರಿತವೋ, ಪಾಠ ತಲುಪಿಲ್ಲವೋ ಎಂದು ಬೇರ್ಪಡಿಸಿ ನೋಡುವ ಸೂಚಿಗಳು ಮಾತ್ರ ಅಲ್ಲಿಲ್ಲ.

ವಿದ್ಯಾರ್ಥಿಗಳಿಗೆ ಮೂಡಲ್ ತನ್ನ ಕ್ವಿಜ್ ಚಾರ್ಟ್‌ಗಳನ್ನು ತೋರಿಸುವುದಿಲ್ಲ. ಅವರಿಗೆ ಕಾಣುವುದು ಸ್ವಂತ ಅಂಕ, ಸರಿ–ತಪ್ಪುಗಳು ಮತ್ತು ಅಧ್ಯಾಪಕರು ಬರೆದಿಟ್ಟ ಹಿಮ್ಮಾಹಿತಿ. ಹೋಲಿಕೆಯ ಚಾರ್ಟ್ ಇಲ್ಲದಿರುವುದು ನನ್ನ ದೃಷ್ಟಿಯಲ್ಲಿ ಸರಿಯೇ. ಒಂದನೇ ಘಟಕದಿಂದ ಐದನೇ ಘಟಕದವರೆಗೆ ತನ್ನ ಅಂಕ ಹೇಗೆ ಏರಿದೆ ಎಂಬ ಸರಳ ಗೆರೆಯೊಂದು ಪ್ರತಿ ವಿದ್ಯಾರ್ಥಿಗೆ ಕಾಣುವಂತಿದ್ದರೆ ಬಹಳ ಉಪಕಾರವಾಗುತ್ತಿತ್ತು. ಇಡೀ ತರಗತಿಗೆ ಚಾರ್ಟ್ ತೋರಿಸಲೇಬೇಕೆನ್ನುವವರು ಮೂಡಲ್‌ನ ‘ಚಾಯ್ಸ್’ ಚಟುವಟಿಕೆಯನ್ನು ಬಳಸಬಹುದು: ಒಂದೇ ಪ್ರಶ್ನೆ ಕೇಳಿ, ಉತ್ತರಿಸಿದ ಮೇಲೆಯೇ ಫಲಿತಾಂಶ ಕಾಣುವಂತೆಯೂ ಹೆಸರುಗಳು ಕಾಣದಂತೆಯೂ ಹೊಂದಿಸಿದರೆ ಯಾರ ಮನಸ್ಸೂ ನೋಯದೆ ಚರ್ಚೆ ಆರಂಭವಾಗುತ್ತದೆ.

ಅಂಕಿಅಂಶಗಳ ವರದಿಯನ್ನು ಬಳಸುವವರು ಒಂದು ಆಯ್ಕೆಯನ್ನು ಮಾತ್ರ ಗಮನಿಸಬೇಕು. ಹಲವು ಬಾರಿ ಪ್ರಯತ್ನಿಸಲು ಅವಕಾಶ ಕೊಟ್ಟ ಕ್ವಿಜ್‌ನಲ್ಲಿ ಮೊದಲ ಪ್ರಯತ್ನ, ಕೊನೆಯದು, ಅತಿ ಹೆಚ್ಚು ಅಂಕ ಬಂದದ್ದು ಅಥವಾ ಎಲ್ಲವೂ, ಇವುಗಳಲ್ಲಿ ಯಾವುದರ ಮೇಲೆ ಲೆಕ್ಕ ಹಾಕಬೇಕೆಂದು ವರದಿ ಕೇಳುತ್ತದೆ. ಸರಿಯುತ್ತರಗಳನ್ನು ನೋಡಿಕೊಂಡು ಮತ್ತೆ ಬರೆದ ಪ್ರಯತ್ನಗಳೂ ಸೇರಿದರೆ ಎಲ್ಲ ಪ್ರಶ್ನೆಗಳೂ ಸುಲಭವಾಗಿಯೇ ಕಾಣುತ್ತವೆ. ಆದ್ದರಿಂದ ಮೊದಲ ಪ್ರಯತ್ನವನ್ನೇ ಆರಿಸಿಕೊಳ್ಳಿ. ದೋಷವಿರುವ ಪ್ರಶ್ನೆ ಸಿಕ್ಕರೆ ಅದನ್ನು ತಿದ್ದಿ, ಅಂಕಗಳ ವರದಿಯಲ್ಲಿರುವ ಮರುಮೌಲ್ಯಮಾಪನದ ಗುಂಡಿಯನ್ನು ಒತ್ತಿದರೆ ಈಗಾಗಲೇ ಉತ್ತರಿಸಿದವರಿಗೂ ನ್ಯಾಯವಾಗಿ ಸಲ್ಲಬೇಕಾದ ಅಂಕ ಸಲ್ಲುತ್ತದೆ.