ವೈರ್‌ಲೆಸ್ ಹವಾಮಾನ ಕೇಂದ್ರ: ಮಲೆನಾಡಿನ ಮಳೆಯಲ್ಲಿ ಯಾವ ಅಂಕಿಯನ್ನು ನಂಬಬಹುದು?

ಉಷ್ಣಾಂಶ, ತೇವಾಂಶ, ಗಾಳಿಯ ವೇಗ, ದಿಕ್ಕು, ಮಳೆ, ಬೆಳಕು, ಅಲ್ಟ್ರಾವಯಲೆಟ್ ಹೀಗೆ ಏಳು ಅಳತೆ ಒಂದೇ ಕಂಬದಲ್ಲಿ ಸಿಗುತ್ತದೆ ಎಂದು ಹೇಳಿ ಈ ಯಂತ್ರಗಳನ್ನು ಮಾರುತ್ತಾರೆ. ಮಲೆನಾಡಿನ ತೋಟದಲ್ಲಿ ಹಲವು ಮಳೆಗಾಲ ಬಳಸಿದ ಮೇಲೆ ಹೇಳುವುದಾದರೆ, ಅಡಿಕೆ, ಕಾಫಿ, ಕಾಳುಮೆಣಸಿನವರಿಗೆ ಇದರಲ್ಲಿ ಕೊಟ್ಟ ದುಡ್ಡಿಗೆ ದುಡಿಯುವುದು ಮಳೆಮಾಪಕ. ಉಷ್ಣಾಂಶ, ತೇವಾಂಶಕ್ಕೆ ಎರಡನೆಯ ಸ್ಥಾನ. ಮರಗಳ ನಡುವೆ ಗಾಳಿಯ ಅಳತೆಯಿಂದ ಹೆಚ್ಚು ಪ್ರಯೋಜನವಿಲ್ಲ. ಮನೆಯೊಳಗೆ ಇಟ್ಟುಕೊಳ್ಳುವ ಪರದೆಯಲ್ಲಿ, ಅಂದರೆ ಕನ್ಸೋಲಿನಲ್ಲಿ ಮೂಡುವ ಮೋಡ, ಸೂರ್ಯನ ಚಿತ್ರ ನೋಡಿ ಔಷಧಿ ಹೊಡೆಯಲು ಆಳು ಕರೆಯಲೇಬೇಡಿ.

ಆ ಚಿತ್ರ ಹುಟ್ಟುವುದು ವಾಯುಭಾರದ ಏರಿಳಿತದಿಂದ. ಕೆಲವು ಗಂಟೆಗಳಲ್ಲಿ ಒತ್ತಡ ಇಳಿದರೆ ಮಳೆ, ಏರಿದರೆ ಬಿಸಿಲು ಎನ್ನುವ ಈ ಲೆಕ್ಕ ಯುರೋಪಿನಂಥ ಶೀತ ಪ್ರದೇಶಕ್ಕೆ ಹೊಂದುತ್ತದೆ. ನಮ್ಮ ಅಕ್ಷಾಂಶದಲ್ಲಿ ಒತ್ತಡ ಪ್ರತಿದಿನವೂ ಬೆಳಿಗ್ಗೆ ಮತ್ತು ರಾತ್ರಿ ಹತ್ತರ ಸುಮಾರಿಗೆ ಏರಿ, ಬೆಳಗಿನ ಜಾವ ಮತ್ತು ಸಂಜೆ ನಾಲ್ಕರ ಸುಮಾರಿಗೆ ಇಳಿಯುತ್ತದೆ. ಈ ಏರಿಳಿತವೇ ಸುಮಾರು 3ರಿಂದ 4 ಹೆಕ್ಟೊಪಾಸ್ಕಲ್. ಹಾಗಾಗಿ ಜನವರಿಯ ಒಣಹವೆಯಲ್ಲೂ ಮಧ್ಯಾಹ್ನದ ಮೇಲೆ ಯಂತ್ರ ಮಳೆಯ ಚಿತ್ರ ತೋರಿಸಬಹುದು. ಯಂತ್ರ ಕೆಟ್ಟಿದೆ ಎಂದು ವಾಪಸು ಕಳಿಸುವ ಅಗತ್ಯವಿಲ್ಲ. ಒತ್ತಡದ ಅಂಕಿ ಬೇಕೆನ್ನುವವರು ಅಬ್ಸೊಲ್ಯೂಟ್ (ಆ ಜಾಗದಲ್ಲಿರುವ ಒತ್ತಡ) ಮತ್ತು ರಿಲೇಟಿವ್ (ಅದನ್ನೇ ಸಮುದ್ರಮಟ್ಟದ ಲೆಕ್ಕಕ್ಕೆ ತಂದದ್ದು) ಎರಡನ್ನೂ ಸರಿಮಾಡಿಕೊಳ್ಳಬೇಕು. ಸಮುದ್ರಮಟ್ಟದಿಂದ 600 ಮೀಟರ್ ಎತ್ತರದ ಊರಿನಲ್ಲಿ ಅಬ್ಸೊಲ್ಯೂಟ್ ಒತ್ತಡ 943ರ ಆಸುಪಾಸಿನಲ್ಲಿರುತ್ತದೆ. ಹವೆ ಶಾಂತವಾಗಿರುವ ದಿನ ಹತ್ತಿರದ ವಿಮಾನ ನಿಲ್ದಾಣದ ಕ್ಯೂಎನ್‌ಎಚ್ ಅಂಕಿ, ಅಂದರೆ ಸಮುದ್ರಮಟ್ಟದ ಲೆಕ್ಕಕ್ಕೆ ತಂದ ಒತ್ತಡ ನೋಡಿ ರಿಲೇಟಿವ್ ಜಾಗದಲ್ಲಿ ಅದನ್ನು ಹಾಕಿದರೆ ಸಾಕು.

ಕೊಳ್ಳುವಾಗ ಮೊದಲು ಕೇಳಬೇಕಾದದ್ದು ರೇಡಿಯೋ ತರಂಗಾಂತರ. ಅಮೆರಿಕದಿಂದ ಬರುವ ನೆಂಟರ ಪೆಟ್ಟಿಗೆಯಲ್ಲಿ ತರಿಸಿದ ಯಂತ್ರ ಸಾಮಾನ್ಯವಾಗಿ 915 ಮೆಗಾಹರ್ಟ್ಸ್‌ನದು. ನಮ್ಮಲ್ಲಿ ಅದು ಮೊಬೈಲ್ ಕಂಪನಿಗಳ 900 ಬ್ಯಾಂಡಿನ ಅಂಚಿಗೆ ಬೀಳುತ್ತದೆ. ಭಾರತದಲ್ಲಿ ಕಡಿಮೆ ಶಕ್ತಿಯ ಇಂಥ ಸಾಧನಗಳಿಗೆ ಲೈಸೆನ್ಸ್ ಇಲ್ಲದೆ ಬಿಟ್ಟಿರುವುದು 865ರಿಂದ 868. ಸೆನ್ಸರಿಗೂ ಕನ್ಸೋಲಿಗೂ ಒಂದೇ ತರಂಗಾಂತರ ಇರಬೇಕು. ಮುಂದೆ ಬಿಡಿ ಸೆನ್ಸರ್ ಕೊಳ್ಳುವಾಗಲೂ ಅದೇ ಅಂಕಿ ನೋಡಿ ತೆಗೆದುಕೊಳ್ಳಿ. ಡಬ್ಬದ ಮೇಲೆ 100 ಮೀಟರ್ ದೂರ ಎಂದು ಬರೆದಿದ್ದರೆ ಅದು ಬಯಲಿನ ಮಾತು. ಜಂಬಿಟ್ಟಿಗೆ ಗೋಡೆ, ಕಾಂಕ್ರೀಟ್ ತಾರಸಿ, ತಗಡಿನ ಮಾಡು ಅಡ್ಡ ಬಂದರೆ 25–30 ಮೀಟರಿಗೇ ಸಂಕೇತ ತಡವರಿಸುತ್ತದೆ. ಕನ್ಸೋಲನ್ನು ಸೆನ್ಸರಿನ ಕಡೆಯ ಕಿಟಕಿಯ ಬಳಿ ಇಡಿ, ಫ್ರಿಜ್ ಮೇಲೆ ಇಡಬೇಡಿ.

ಎಲ್ಲವೂ ಒಂದೇ ತುಂಡಿನಲ್ಲಿರುವ ಮಾದರಿ ಅಗ್ಗ, ಕೂರಿಸುವುದೂ ಸುಲಭ. ತೊಡಕಿರುವುದು ಅದರ ವಿನ್ಯಾಸದಲ್ಲೇ. ಗಾಳಿಯನ್ನು ಅಳೆಯಬೇಕಾದದ್ದು ನೆಲದಿಂದ 10 ಮೀಟರ್ ಮೇಲೆ, ಉಷ್ಣಾಂಶವನ್ನು ಹುಲ್ಲುನೆಲದ ಮೇಲೆ ಒಂದೂವರೆ ಮೀಟರ್ ಎತ್ತರದಲ್ಲಿ. ಮಳೆಮಾಪಕ ಇನ್ನೂ ಕೆಳಗಿರಬೇಕು, ಹವಾಮಾನ ಇಲಾಖೆಯ ಮಾಪಕದ ಬಾಯಿ ನೆಲದಿಂದ 30 ಸೆಂಟಿಮೀಟರಿನಲ್ಲಿರುತ್ತದೆ. ಮೂರನ್ನೂ ಒಂದೇ ಕಂಬದ ತುದಿಗೇರಿಸಿದರೆ ಯಾವುದೂ ಸರಿಯಾದ ಜಾಗದಲ್ಲಿರುವುದಿಲ್ಲ. ಎತ್ತರದಲ್ಲಿ ಗಾಳಿ ಹೆಚ್ಚು, ಮಾಪಕದ ಬಾಯಿಯ ಮೇಲೆ ಸುಳಿ ಎದ್ದು ಹನಿಗಳನ್ನು ಆಚೆ ತಳ್ಳುತ್ತದೆ. ಆಷಾಢದ ಓರೆಮಳೆಯಲ್ಲಿ ಈ ನಷ್ಟ ಇನ್ನೂ ಜಾಸ್ತಿ. ಇನ್ನೂ ಒಂದಿಷ್ಟು ಖರ್ಚಾದರೂ ಚಿಂತೆಯಿಲ್ಲ, ಮಳೆಮಾಪಕ ಬೇರೆಯಾಗಿ ಬರುವ ಮಾದರಿಯನ್ನೇ ತೆಗೆದುಕೊಳ್ಳಿ ಎಂಬುದು ನನ್ನ ಖಚಿತ ಸಲಹೆ.

ಜಾಗದ ವಿಚಾರ. ಸುತ್ತಲ ಅಡೆತಡೆಗಳ ಎತ್ತರದ ಕನಿಷ್ಠ ಎರಡು ಪಟ್ಟು ದೂರದಲ್ಲಿ ಮಾಪಕ ಇರಬೇಕು. ಅಡಿಕೆ ಮರ 12 ಮೀಟರ್ ಇದ್ದರೆ 24 ಮೀಟರ್ ಬಯಲು ಬೇಕು. ತೋಟದೊಳಗೆ ಅದು ಸಿಗದ ಮಾತು. ಅಡಿಕೆ ಒಣಗಿಸುವ ಅಂಗಳದ ಮೂಲೆ, ಇಲ್ಲವೇ ಗದ್ದೆ ಬದು ಒಳ್ಳೆಯದು. ಅಂಗಳದಲ್ಲಾದರೆ ಸಿಮೆಂಟಿನಿಂದ ಚಿಮ್ಮುವ ನೀರು ಒಳಗೆ ಬೀಳದಂತೆ ಬಾಯನ್ನು ಮೂರು ಅಡಿಗೆ ಏರಿಸಿ. ಕಂಬ ಅಲುಗಾಡಬಾರದು, ಒಂದೂವರೆ ಇಂಚಿನ ಜಿಐ ಪೈಪನ್ನು ಎರಡಡಿ ಆಳಕ್ಕೆ ಕಾಂಕ್ರೀಟಿನಲ್ಲಿ ಹೂಳಿ. ಮಾಪಕದೊಳಗೆ ಮಳೆನೀರು ತುಂಬಿದಾಗಲೆಲ್ಲ ಮಗುಚಿ ಮಳೆ ಎಣಿಸುವ ಪುಟ್ಟ ತೊಟ್ಟಿಲೊಂದಿದೆ; ಪೈಪ್ ನಡುಗಿದರೆ ಮಳೆಯಿಲ್ಲದೆಯೂ ಅದು ಮಗುಚಿ ಸುಳ್ಳು ಮಳೆ ದಾಖಲಾಗುತ್ತದೆ. ಮಾಪಕದೊಳಗಿನ ಪುಟ್ಟ ಗುಳ್ಳೆಮಟ್ಟ ನಡುವಿಗೆ ಬರುವವರೆಗೆ ತಿರುಪು ಸರಿಮಾಡಿ. ಓರೆಯಾದರೆ ತೊಟ್ಟಿಲಿನ ಒಂದು ಬದಿ ಬೇಗ, ಇನ್ನೊಂದು ತಡವಾಗಿ ಮಗುಚುತ್ತದೆ.

ತಂದ ಕೂಡಲೇ ಮಾಡಬೇಕಾದ ಪರೀಕ್ಷೆಯೊಂದಿದೆ. ಮಾಪಕದ ಬಾಯಿಯ ಒಳವ್ಯಾಸ ಅಳೆಯಿರಿ. 11 ಸೆಂಟಿಮೀಟರ್ ಇದ್ದರೆ ವಿಸ್ತೀರ್ಣ 95 ಚದರ ಸೆಂಟಿಮೀಟರ್, ಅಂದರೆ 1 ಮಿಲಿಮೀಟರ್ ಮಳೆಗೆ 9.5 ಮಿಲಿಲೀಟರ್ ನೀರು. 190 ಮಿಲಿಲೀಟರ್ ನೀರನ್ನು ಸಲೈನ್ ಡ್ರಿಪ್ ಸೆಟ್‌ನಿಂದ ಮುಕ್ಕಾಲು ಗಂಟೆಯಲ್ಲಿ ಹನಿಹನಿಯಾಗಿ ಬಿಡಿ. ಕನ್ಸೋಲ್ 20 ಮಿಲಿಮೀಟರ್ ತೋರಿಸಬೇಕು. 18.3 ತೋರಿಸಿದರೆ 20 ಭಾಗಿಸು 18.3, ಅಂದರೆ 1.09. ಕ್ಯಾಲಿಬ್ರೇಷನ್ ಮೆನುವಿನಲ್ಲಿ ರೇನ್ ಗೇನ್ ಎಂಬಲ್ಲಿ ಅದನ್ನು ಹಾಕಿ ಮತ್ತೊಮ್ಮೆ ಪರೀಕ್ಷಿಸಿ. ನೀರನ್ನು ಲೋಟದಿಂದ ಸುರಿಯಬೇಡಿ. ತೊಟ್ಟಿಲು ಮಗುಚುವ ಆ ಕ್ಷಣದಲ್ಲೂ ನೀರು ಬೀಳುತ್ತಲೇ ಇರುತ್ತದೆ, ಅದು ಲೆಕ್ಕಕ್ಕೆ ಸಿಗುವುದಿಲ್ಲ. ಧೋ ಎಂದು ಸುರಿಯುವ ಮಳೆಯಲ್ಲಿ ಈ ಯಂತ್ರಗಳು ಕಡಿಮೆ ತೋರಿಸುವುದಕ್ಕೂ ಇದೇ ಕಾರಣ. ಅದಕ್ಕಾಗಿ ಹಳೆಯ ಕೈಮಾಪಕವನ್ನು ಮೂಲೆಗೆ ಎಸೆಯದೆ ಪಕ್ಕದಲ್ಲೇ ಉಳಿಸಿಕೊಳ್ಳಿ. ದಿನದ ಒಟ್ಟು ಮಳೆಗೆ ಅದನ್ನು ನಂಬಿ, ಯಾವ ಗಂಟೆಯಲ್ಲಿ ಎಷ್ಟು ಬಂತು ಎಂಬುದಕ್ಕೆ ಯಂತ್ರವನ್ನು.

ಮಳೆಯನ್ನು ಇಂಚು, ಸೆಂಟ್ (ಇಂಚಿನ ನೂರರಲ್ಲೊಂದು ಭಾಗ) ಲೆಕ್ಕದಲ್ಲಿ ಬರೆದಿಡುವ ಎಸ್ಟೇಟುಗಳಿಗೆ ಒಂದು ಅನುಕೂಲವಿದೆ. ಹಲವು ಮಾದರಿಗಳಲ್ಲಿ ತೊಟ್ಟಿಲು ಒಮ್ಮೆ ಮಗುಚುವುದೆಂದರೆ 0.254 ಮಿಲಿಮೀಟರ್, ಅಂದರೆ ಸರಿಯಾಗಿ ಒಂದು ಸೆಂಟ್. ಕಾಫಿ ಹೂವರಳಿಸುವ ಹೂಮಳೆ ಒಂದಿಂಚು ಬಂತೋ, ಎಪ್ಪತ್ತು ಸೆಂಟಿಗೆ ನಿಂತು ಸ್ಪ್ರಿಂಕ್ಲರ್ ಹಾಕಬೇಕಾಯಿತೋ ಎಂಬುದು ಮನೆಯೊಳಗೇ ಕೂತು ತಿಳಿಯುತ್ತದೆ. ದೊಡ್ಡ ತೋಟದಲ್ಲಿ ಒಂದು ಮಗ್ಗುಲಿಗೆ ಬಂದ ಮಾರ್ಚ್ ಮಳೆ ಇನ್ನೊಂದು ಮಗ್ಗುಲಿಗೆ ಬಾರದಿರುವುದು ಸಾಮಾನ್ಯ. ಅಂಥವರಿಗೆ ಎರಡನೆಯ ಮಾಪಕ ಕೊಳ್ಳುವುದು ಗಾಳಿಯ ಸೆನ್ಸರಿಗಿಂತ ಒಳ್ಳೆಯ ಖರ್ಚು.

ಕೆಡುವುದು ಹೇಗೆ ಎಂದರೆ, ಎಲೆಕ್ಟ್ರಾನಿಕ್ಸ್‌ಗಿಂತ ಮೊದಲು ಹುಳ ಮತ್ತು ಕಸದಿಂದ. ಜೇಡ ತೊಟ್ಟಿಲಿಗೆ ಬಲೆ ನೇಯ್ದರೆ ಅದು ಅರ್ಧಕ್ಕೇ ನಿಲ್ಲುತ್ತದೆ. ಹೊರಗೆ ಮಳೆ ಸುರಿಯುತ್ತಿದ್ದರೂ ಕನ್ಸೋಲಿನಲ್ಲಿ ಸೊನ್ನೆ. ಕಣಜ ಮಣ್ಣು ತಂದು ಆಲಿಕೆಯ ತೂತು ಮುಚ್ಚುತ್ತದೆ, ಆಗ ನಿಂತ ನೀರು ತೊಟ್ಟಿಕ್ಕುತ್ತಾ ಮಳೆ ನಿಂತ ಮೇಲೂ ಗಂಟೆಗಟ್ಟಲೆ ಮಳೆ ತೋರಿಸುತ್ತದೆ. ಸಿಲ್ವರ್ ಓಕ್ ಎಲೆ, ಹಕ್ಕಿಯ ಹಿಕ್ಕೆ ಮಾಡುವುದೂ ಇದನ್ನೇ. ಬಾಯಿಯ ಸುತ್ತ ಕೇಬಲ್ ಟೈ ಕಟ್ಟಿ ಬಾಲಗಳನ್ನು ಕತ್ತರಿಸದೆ ಮೇಲಕ್ಕೆ ನಿಲ್ಲಿಸಿದರೆ ಹಕ್ಕಿ ಕೂರುವುದಿಲ್ಲ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಆಲಿಕೆ ಬಿಚ್ಚಿ ನೋಡಿ. ತೊಟ್ಟಿಲಿನ ಒಳಮೈಗೆ ಹಾವಸೆ ಕಟ್ಟಿದ್ದರೆ ಮೆತ್ತಗಿನ ಬ್ರಷ್ಷಿನಿಂದ ಬರೀ ನೀರಲ್ಲಿ ತೊಳೆಯಿರಿ. ಎಣ್ಣೆ, ಗ್ರೀಸ್ ಹಚ್ಚಬೇಡಿ, ನೀರು ಅಂಟದೆ ಮಗುಚುವ ಅಳತೆಯೇ ಬದಲಾಗುತ್ತದೆ. ವರ್ಷಕ್ಕೆ 3000 ಮಿಲಿಮೀಟರ್ ಬೀಳುವ ಕಡೆ ತೊಟ್ಟಿಲು ಸುಮಾರು 12,000 ಸಲ ಮಗುಚಬೇಕು. ಹಾಗಾಗಿ ಆ ಭಾಗವನ್ನು ಬಿಡಿಯಾಗಿ ಮಾರುವ ತಯಾರಕರನ್ನೇ ಆರಿಸಿಕೊಳ್ಳಿ.

ತೇವಾಂಶದ ಸೆನ್ಸರಿನದು ಬೇರೆಯೇ ಪಾಡು. ಜೂನ್‌ನಿಂದ ಆಗಸ್ಟ್‌ವರೆಗೆ 99ರಲ್ಲೇ ನೆನೆದು, ಹೊಳವಾದ ಮೇಲೂ ಅಲ್ಲಿಂದ ಇಳಿಯುವುದಿಲ್ಲ. ನವೆಂಬರಿನ ಒಣ ಮಧ್ಯಾಹ್ನವೂ 90ರ ಮೇಲಿದ್ದರೆ ಉಪ್ಪಿನ ಪರೀಕ್ಷೆ ಮಾಡಿ: ಬಾಟಲಿ ಮುಚ್ಚಳದಲ್ಲಿ ಪುಡಿ ಉಪ್ಪಿಗೆ ಕೆಲವು ಹನಿ ನೀರು ಬೆರೆಸಿ ಒದ್ದೆ ಮರಳಿನ ಹದಕ್ಕೆ ತನ್ನಿ, ಸೆನ್ಸರ್ ಸಮೇತ ಗಾಳಿಯಾಡದ ಡಬ್ಬದಲ್ಲಿ ಹನ್ನೆರಡು ಗಂಟೆ ಮುಚ್ಚಿಡಿ. ಒಳಗಿನ ತೇವಾಂಶ ಶೇ. 75ಕ್ಕೆ ಬರುತ್ತದೆ. ಐದಾರು ಅಂಕಿಯ ವ್ಯತ್ಯಾಸವನ್ನು ಮೆನುವಿನಲ್ಲೇ ತಿದ್ದಬಹುದು. ಹೆಚ್ಚಿದ್ದರೆ ಸಿಲಿಕಾ ಜೆಲ್ ಜೊತೆ ಎರಡು ದಿನ ಒಣಗಿಸಿ ಮತ್ತೆ ನೋಡಿ, ಆಗಲೂ ಜಗ್ಗದಿದ್ದರೆ ಸೆನ್ಸರ್ ಬದಲಿಸಿ.

ಸೌರ ಫಲಕ ಇದೆ ಎಂದು ಬ್ಯಾಟರಿ ಮರೆಯಬಾರದು. ವಾರಗಟ್ಟಲೆ ಸೂರ್ಯ ಕಾಣದ ಆರಿದ್ರಾ, ಪುನರ್ವಸು ಮಳೆಯಲ್ಲಿ ಭಾರ ಹೊರುವುದು ಒಳಗಿನ ಎಎ ಸೆಲ್ಲುಗಳು. ಮೇ ಕೊನೆಗೆ ಹೊಸ ಆಲ್ಕಲೈನ್ ಸೆಲ್ ಹಾಕಿ, ಮುಚ್ಚಳದ ರಬ್ಬರಿಗೆ ಸಿಲಿಕೋನ್ ಗ್ರೀಸ್ ಸವರಿ. ರಬ್ಬರ್ ಸಡಿಲವಾದರೆ ಮೊದಲು ಬರುವುದು ಇರುವೆ, ಆಮೇಲೆ ಕಿಲುಬು. ಕನ್ಸೋಲಿನ ಅಡಾಪ್ಟರನ್ನು ಗುಡುಗು ಶುರುವಾಗುವ ಮೊದಲೇ ಪ್ಲಗ್‌ನಿಂದ ತೆಗೆಯಿರಿ. ಬ್ಯಾಟರಿಯ ಮೇಲೂ ಓಡುವ, ದಾಖಲೆಯನ್ನು ಮೆಮೊರಿ ಕಾರ್ಡಿಗೆ ಬರೆಯುವ ಕನ್ಸೋಲ್ ನಮ್ಮ ಕರೆಂಟಿಗೆ ತಕ್ಕದ್ದು. ವೈಫೈ ಹಿಡಿಯದಿದ್ದರೆ ರೂಟರಿನಲ್ಲಿ 2.4 ಗಿಗಾಹರ್ಟ್ಸ್‌ಗೆ ಬೇರೆ ಹೆಸರು ಕೊಡಿ, ಈ ಯಂತ್ರಗಳಲ್ಲಿ ಹೆಚ್ಚಿನವು 5 ಗಿಗಾಹರ್ಟ್ಸ್ ಅರಿಯವು.

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಕಾಲದಲ್ಲಿ ಕೆಲಸಕ್ಕೆ ಬರುವುದು ಮೂರು ಅಂಕಿ: ಕೊನೆಯ ಹನಿ ಬಿದ್ದ ಹೊತ್ತು, ತೇವಾಂಶ 99ರಿಂದ ಇಳಿಯಲು ಶುರುವಾಗಿದೆಯೇ, ಬೆಳಕಿನ ಅಂಕಿ ಏರುತ್ತಿದೆಯೇ. ಮೂರೂ ಕೂಡಿ ಬಂದರೆ ಗೊನೆಯ ಮೇಲಿನ ನೀರು ಆರುತ್ತಿದೆ ಎಂದರ್ಥ. ಮುಂದೆ ಎಷ್ಟು ಹೊತ್ತು ಹೊಳವಿರುತ್ತದೆ ಎಂಬುದನ್ನು ಮಾತ್ರ ರೇಡಾರ್ ಚಿತ್ರ ನೋಡಿಯೇ ಅಂದಾಜು ಮಾಡಬೇಕು.

ದಿನದ ಗಡಿಯನ್ನು ಗಮನಿಸಿ. ಕನ್ಸೋಲ್ ಮಧ್ಯರಾತ್ರಿಗೆ ಸೊನ್ನೆಯಾಗುತ್ತದೆ, ಹವಾಮಾನ ಇಲಾಖೆಯ ದಿನ ಬೆಳಿಗ್ಗೆ 8:30ರಿಂದ ಮರುದಿನ 8:30. ಭಾರಿ ಮಳೆ ಎನ್ನಲು 64.5 ಮಿಲಿಮೀಟರ್, ಅತಿ ಭಾರಿಗೆ 115.6 ಎಂಬ ಮಿತಿಗಳೂ ಆ ಲೆಕ್ಕದವೇ. ಹವಾಮಾನ ಆಧಾರಿತ ಬೆಳೆ ವಿಮೆಗೆ ಗ್ರಾಮ ಪಂಚಾಯಿತಿ ಮಟ್ಟದ ಮಾಪಕದ ಅಂಕಿಯೇ ಆಧಾರ, ಮನೆಯ ಯಂತ್ರದ್ದು ನಡೆಯುವುದಿಲ್ಲ. ಆದರೂ ಯಂತ್ರದ ದಾಖಲೆಯನ್ನು ಸಿಎಸ್‌ವಿ ಕಡತವಾಗಿ (ಕಂಪ್ಯೂಟರಿನಲ್ಲಿ ಪಟ್ಟಿಯಂತೆ ತೆರೆಯುವಂಥದ್ದು) ಇಳಿಸಿಕೊಂಡು 8:30ರ ಲೆಕ್ಕಕ್ಕೆ ತಂದು ಹೋಲಿಸುತ್ತಿರಿ. ಊರಿಗೆಲ್ಲ ಮಳೆಯಾದ ದಿನಗಳಲ್ಲೂ ಪಂಚಾಯಿತಿ ಮಾಪಕ ಸೊನ್ನೆಯೇ ತೋರಿಸುತ್ತಿದ್ದರೆ ವಿಮೆ ಅವಧಿ ಮುಗಿಯುವವರೆಗೆ ಕಾಯದೆ, ದಿನಾಂಕವಾರು ಅಂಕಿ ಮತ್ತು ಕೈಮಾಪಕದ ದಾಖಲೆಯ ಪ್ರತಿ ಇಟ್ಟು ಪಂಚಾಯಿತಿಗೂ ತೋಟಗಾರಿಕೆ ಇಲಾಖೆಗೂ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ.