41,000 ಕಿ.ಮೀ. ಆದ ಮೇಲೆ ನನ್ನ ಬೈಕ್: ಒಂದು ಜಿರ್‌ಜಿರ್ ಸದ್ದು, ಒಂದು ಹಳದಿ ದೀಪ

ಗಾಡಿಯ ಹೆಸರು ಹೇಳುವುದಿಲ್ಲ, ಬೈಗುಳ ಸ್ವಲ್ಪ ಜಾಸ್ತಿ ಇದೆ. 160 ಸಿಸಿ, ಬಿಎಸ್6 ಹೊಗೆ ನಿಯಮದ್ದು, ಮುಂದಿನ ಚಕ್ರಕ್ಕೆ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದ ಹಾಗೆ ಕಾಯುವ ವ್ಯವಸ್ಥೆ). ಉಳಿದದ್ದನ್ನು ನೀವು ಎಲ್ಲಾದರೂ ಓದಿಯೇ ಇರುತ್ತೀರಿ. 2021ರ ಯುಗಾದಿಗೆ ತಂದೆ. ಎರಡು ವಾರಕ್ಕೆ ಲಾಕ್‌ಡೌನ್ ಬಂತು, ಹೊಸ ಗಾಡಿ ಅಂಗಳದಲ್ಲೇ ನಿಂತಿತು. ಆಮೇಲೆ ದಿನಾ ದಾವಣಗೆರೆಯಿಂದ ಹರಿಹರಕ್ಕೆ ಕೆಲಸಕ್ಕೆ ಹೋಗಿ ಬರುತ್ತಿದ್ದೇನೆ. ಭಾನುವಾರ ಹೆಂಡತಿ ಜೊತೆ ಬೆಣ್ಣೆದೋಸೆ, ಇಲ್ಲಾಂದ್ರೆ ಕುಂದವಾಡ ಕೆರೆ.

ಬೆಳಿಗ್ಗೆ ಏಳೂವರೆಗೆ ಕೀ ತಿರುಗಿಸುತ್ತೇನೆ. ಮೀಟರಿನ ದೀಪಗಳೆಲ್ಲ ಒಟ್ಟಿಗೆ ಹತ್ತುತ್ತವೆ. ಟ್ಯಾಂಕಿನೊಳಗೆ ಪೆಟ್ರೋಲ್ ಪಂಪು 'ಜುಂಯ್' ಎಂದು ಎರಡು ಸೆಕೆಂಡ್ ಕೂಗಿ ಸುಮ್ಮನಾಗುತ್ತದೆ. ಅದು ಸುಮ್ಮನಾಗುವ ತನಕ ನಾನು ಸೆಲ್ಫ್ ಒತ್ತುವುದಿಲ್ಲ. ಸ್ಟಾರ್ಟ್ ಆದ ಮೇಲೆ ಹೆಲ್ಮೆಟ್ ಹಾಕಿಕೊಳ್ಳುತ್ತಾ ಕಿವಿ ಕೊಡುತ್ತೇನೆ. ತಣ್ಣಗಿರುವ ಇಂಜಿನ್ ಟಕಟಕ ಅನ್ನುತ್ತದೆ, ಬಿಸಿಯಾದಂತೆ ಇಳಿಯುತ್ತದೆ. ಇಳಿಯದಿದ್ದ ದಿನ ಟ್ಯಾಪೆಟ್, ಅಂದರೆ ವಾಲ್ವಿನ ಸಂದು, ನೋಡಿಸಬೇಕು. ಎಬಿಎಸ್ ದೀಪ ಮಾತ್ರ ನಿಂತಲ್ಲಿ ಆರುವುದಿಲ್ಲ, ಚಕ್ರ ಉರುಳಬೇಕು. ನಮ್ಮ ಬೀದಿಯ ನಂದಿನಿ ಬೂತ್ ಹತ್ತಿರ ಆರುತ್ತದೆ. ಇದು ಗೊತ್ತಿಲ್ಲದೆ ಮೊದಲ ವಾರ ಶೋರೂಮಿಗೆ ಫೋನ್ ಮಾಡಿ ಜಗಳ ತೆಗೆದಿದ್ದೆ.

ಸದ್ದು ಶುರುವಾಗಿದ್ದು ಎರಡನೇ ವರ್ಷ. ಗಂಟೆಗೆ 50 ದಾಟಿದರೆ ಎಡಗಡೆಯಿಂದ ಜಿರ್‌ಜಿರ್. 60ಕ್ಕೆ ಮಾಯ. ಚೈನ್ ಇರಬೇಕು ಅಂತ ಚೈನ್ ತೊಳೆದು, ಎಣ್ಣೆ ಹಾಕಿ, ಬಿಗಿ ಮಾಡಿಸಿದೆ. ಹೋಗಲಿಲ್ಲ. ಸರ್ವಿಸ್ ಸೆಂಟರಿಗೆ ಮೂರು ಸಲ ಕೊಟ್ಟೆ. ಮೂರು ಸಲವೂ ಹುಡುಗ ನನ್ನನ್ನು ಹಿಂದೆ ಕೂರಿಸಿಕೊಂಡು ಒಂದು ಸುತ್ತು ಹೊಡೆದ. 'ಎಲ್ಲಿ ಸರ್ ಸೌಂಡು?' ಅಂದ. ನಿಜವಾಗಿಯೂ ಸದ್ದು ಇರಲಿಲ್ಲ! ಬಿಲ್ ಮಾತ್ರ ಇತ್ತು.

ಮನೆಯಲ್ಲಿ ಈ ಗೋಳು ಹೇಳಿಕೊಂಡಾಗ ಹೆಂಡತಿ, 'ನಾನು ಕೂತಾಗ ಯಾವತ್ತೂ ಬರಲ್ಲಪ್ಪ, ನಿಮಗೆ ಕಿವಿ ತೋರಿಸಬೇಕು' ಅಂದಳು. ಆಗ ಹೊಳೆಯಿತು. ಒಬ್ಬನೇ ಹೋದರೆ ಸದ್ದು, ಇಬ್ಬರಾದರೆ ಇಲ್ಲ. ಹಿಂದೆ ಕೂತವರು ಕಾಲಿಡುವುದು ಸೀರೆ ಗಾರ್ಡಿನ ಮೆಟ್ಟಿಲ ಮೇಲೆ ಅಲ್ವಾ? ಗಾರ್ಡ್ ಹಿಡಿದು ಅಲ್ಲಾಡಿಸಿದರೆ ಗಡಗಡ. ಬೋಲ್ಟಿನ ಕೆಳಗಿನ ರಬ್ಬರ್ ಸವೆದು ಹೋಗಿತ್ತು. ಇಂಜಿನ್ನಿನ ನಡುಕ ಒಂದು ವೇಗದಲ್ಲಿ ಅದಕ್ಕೆ ತಾಳೆಯಾಗಿ ಕುಣಿಸುತ್ತಿತ್ತು. ಕಾಲು ಬಿದ್ದರೆ ಗಪ್‌ಚಿಪ್. ಹಳೇ ಟ್ಯೂಬ್ ಕತ್ತರಿಸಿ ಒಂದು ತುಂಡು ಕೊಟ್ಟೆ, ಬೋಲ್ಟ್ ಬಿಗಿದೆ. ಖರ್ಚು ಸೊನ್ನೆ.

ಇಷ್ಟಕ್ಕೇ ಗಾಡಿಗೆ ಒಳ್ಳೇ ಮಾತು ಬರೆದು ಮುಗಿಸುತ್ತಿದ್ದೆ. ಆದರೆ ಹೋದ ಮಳೆಗಾಲದಲ್ಲಿ ಹಳದಿ ದೀಪ ಹತ್ತಿತು.

ಇಂಜಿನ್ ಚಿತ್ರದ ದೀಪ ಅದು. ಸ್ಟಾರ್ಟ್ ಆದ ಮೇಲೆ ಆರಬೇಕು, ಆರಲಿಲ್ಲ. ಗಾಡಿ ಆರಾಮಾಗಿ ಓಡುತ್ತಿತ್ತು. ನಾನು ಕೆಟ್ಟ ಪೆಟ್ರೋಲ್ ಅಂತ ಬಂಕ್ ಬದಲಿಸಿದೆ. ಬ್ಯಾಟರಿ ಟರ್ಮಿನಲ್ ಉಜ್ಜಿದೆ. ಹದಿನೈದು ದಿನಕ್ಕೆ ಲೀಟರಿಗೆ 48 ಕಿ.ಮೀ. ಕೊಡುತ್ತಿದ್ದದ್ದು 41ಕ್ಕೆ ಬಂತು. ಹೊಟ್ಟೆ ಉರಿಯಿತು. ಸರ್ವಿಸ್ ಸೆಂಟರಿನಲ್ಲಿ ಯಂತ್ರ ಚುಚ್ಚಿ ಕೋಡ್ ಓದಿದರು. 'ಆಕ್ಸಿಜನ್ ಸೆನ್ಸರ್ ಹೋಗಿದೆ, ಮೂರು ಸಾವಿರದ ಚಿಲ್ಲರೆ, ಬರೋಕೆ ಎಂಟು ದಿನ.' ಈ ಸೆನ್ಸರ್ ಸೈಲೆನ್ಸರ್ ಪೈಪಿನಲ್ಲಿ ಕೂತು, ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಅಂತ ಇಸಿಯುಗೆ, ಅಂದರೆ ಇಂಜಿನ್ ನಡೆಸುವ ಪುಟ್ಟ ಕಂಪ್ಯೂಟರಿಗೆ, ಹೇಳುತ್ತದೆ. ಅದನ್ನು ನೋಡಿಕೊಂಡು ಇಸಿಯು ಪೆಟ್ರೋಲ್ ಹೆಚ್ಚು ಕಡಿಮೆ ಮಾಡುತ್ತದೆ. ಸುದ್ದಿ ಬರದಿದ್ದರೆ ಅಂದಾಜಿನ ಮೇಲೆ ಸುರಿಯುತ್ತದೆ. ಮೈಲೇಜ್ ಬಿದ್ದದ್ದು ಅದಕ್ಕೇ.

ಮೂರು ಸಾವಿರ ಅಂದರೆ ನನಗೆ ಒಂದೂವರೆ ತಿಂಗಳ ಪೆಟ್ರೋಲು. ಯೋಚನೆ ಮಾಡಿ ಹೇಳುತ್ತೇನೆ ಅಂತ ಬಂದುಬಿಟ್ಟೆ. ಹದಡಿ ರಸ್ತೆ ಕಡೆ ಒಬ್ಬ ಹಳೇ ಮೆಕ್ಯಾನಿಕ್ ಇದ್ದಾರೆ, ಶೆಡ್ಡಿಗೆ ಬೋರ್ಡೂ ಇಲ್ಲ. ಅವರು ಕೋಡ್ ಕೇಳಿ, 'ಸರ, ಸುದ್ದಿ ಬರ್ತಿಲ್ಲ ಅಂತ ಹೇಳ್ತದೆ ಅದು. ಸೆನ್ಸರ್ ಸತ್ತದ ಅಂತ ಎಲ್ಲಿ ಹೇಳ್ತದೆ? ವೈರ್ ನೋಡೋಣ್ರಿ' ಅಂದರು. ಸೀಟ್ ತೆಗೆದರು. ವೈರ್ ಹಿಡಿದು ಬೆರಳಲ್ಲಿ ಸವರುತ್ತಾ ಕೆಳಗೆ ಹೋದರು. ಒಂದು ಕಡೆ ನಿಂತರು. ವೈರಿನ ಮೇಲೆ ಹಲ್ಲಿನ ಗುರುತು, ಒಳಗೆ ತಂತಿ ಅರ್ಧ ತುಂಡು. ಸೀಟಿನ ಕೆಳಗಿನ ಸಂದಿಯಲ್ಲಿ ಇಲಿ ಹಿಕ್ಕೆ, ನಾಲ್ಕು ಕಾಳು ಮಂಡಕ್ಕಿ.

'ಮಂಡಕ್ಕಿ ಹೇರ್ತೀರೇನ್ರಿ?'

ಹೇರುತ್ತೇನೆ. ಹರಿಹರದ ನೆಂಟರಿಗೆ ದಾವಣಗೆರೆ ಮಂಡಕ್ಕಿಯೇ ಆಗಬೇಕು. ಭಟ್ಟಿಯಿಂದ ದೊಡ್ಡ ಚೀಲ ತಂದು ಹಿಂದೆ ಕಟ್ಟಿ, ಒಂದೊಂದು ಸಲ ರಾತ್ರಿ ಹಾಗೇ ಬಿಡುತ್ತೇನೆ. ಇಲಿ ಊಟಕ್ಕೆ ಬಂದು ವೈರಿನಲ್ಲಿ ಬಾಯಿ ಒರೆಸಿಕೊಂಡು ಹೋಗಿದೆ.

ಅವರು ತುಂಡಾದ ಕಡೆ ಬೆಸುಗೆ ಹಾಕಿ, ಮೇಲೆ ಸ್ಲೀವ್ ಏರಿಸಿ ಬಿಸಿ ಮಾಡಿ ಕೂರಿಸಿದರು. ಸೈಲೆನ್ಸರ್ ಬಿಸಿ ತಾಗದ ಹಾಗೆ ವೈರನ್ನು ಫ್ರೇಮಿಗೆ ಕಟ್ಟಿದರು. 150 ರೂಪಾಯಿ. ದೀಪ ತಕ್ಷಣ ಆರಲಿಲ್ಲ, ನನ್ನ ಮುಖ ಸಪ್ಪಗಾಯಿತು. ನಾಲ್ಕು ಸಲ ಆಫ್-ಆನ್ ಮಾಡಿ ಓಡಿಸ್ರಿ ಅಂದರು. ಎರಡನೇ ದಿನ, ತುಂಗಭದ್ರಾ ಸೇತುವೆ ಹತ್ತಿರ ಚಹಾಕ್ಕೆ ನಿಂತು ಮತ್ತೆ ಸ್ಟಾರ್ಟ್ ಮಾಡಿದಾಗ ಮೀಟರಿನಲ್ಲಿ ಹಳದಿ ದೀಪ ಆರಿತ್ತು. ಸುಮ್ನೆ ಎರಡು ಸಲ ಕೀ ತಿರುಗಿಸಿ ನೋಡಿದೆ.

ಹಾಗಾಗಿ ಗಾಡಿಯ ಮೇಲಿನ ಸಿಟ್ಟು ಇಳಿದಿದೆ. ತಪ್ಪು ಇಲಿಯದ್ದು, ಅರ್ಧ ನನ್ನದು. ಸರ್ವಿಸ್ ಸೆಂಟರಿನ ಮೇಲೆ ಇಳಿದಿಲ್ಲ. ವೈರ್ ಮುಟ್ಟದೇ ಸೆನ್ಸರ್ ಬರೆದುಕೊಟ್ಟರಲ್ಲ! ಸೀಟು ಗಟ್ಟಿ, ಹೆಡ್‌ಲೈಟ್ ಹೈವೇಗೆ ಸಾಲದು, ಇಂಜಿನ್ ಮಾತ್ರ ಬಂಗಾರ. ರಸ್ತೆ ಮೇಲೇ ಮೆಕ್ಕೆಜೋಳ ಒಣಗಿಸುವ ಕಾಲದಲ್ಲಿ ಹಳ್ಳಿ ಕಡೆ ಹೋದರೆ ಎಬಿಎಸ್ ಬೇಕೇ ಬೇಕು ಅನ್ನಿಸುತ್ತದೆ. ಎಬಿಎಸ್ ದೀಪ ಗಾಡಿ ಓಡುವಾಗ ಹತ್ತಿಕೊಂಡರೆ ಮುಂದಿನ ಚಕ್ರದ ಸೆನ್ಸರಿನ ಕೆಸರು ತೊಳೆದು ನೋಡಿ, ಹಳೇ ಹಲ್ಲುಜ್ಜುವ ಬ್ರಷ್ ಸಾಕು. ಅಲ್ಲೀತನಕ ಬ್ರೇಕ್ ಹಿಡಿಯುತ್ತದೆ, ಚಕ್ರ ಲಾಕ್ ಆಗದ ಹಾಗೆ ಕಾಯುವುದು ಮಾತ್ರ ಇರುವುದಿಲ್ಲ, ನಿಧಾನ ಹೋಗಿ.

ಈಗ ಮಂಡಕ್ಕಿ ಚೀಲ ರಾತ್ರಿ ಅಡುಗೆಮನೆಯ ಅಟ್ಟದ ಮೇಲೆ ಇರುತ್ತದೆ. ಇಲಿಯೂ ಅಲ್ಲಿಗೇ ಬಂದಿದೆ ಅಂತ ಹೆಂಡತಿಯ ದೂರು.