7 ಪ್ಲೈ ಬಾಕ್ಸ್: ಚನ್ನಪಟ್ಟಣದಿಂದ ಹ್ಯಾಂಬರ್ಗ್‌ಗೆ, ನಾಲ್ಕು ವರ್ಷದ ಅನುಭವ

ನಾವು ಚನ್ನಪಟ್ಟಣದ ಮರದ ಆಟಿಕೆ ಕಳಿಸುವವರು. ಆಲೆ ಮರ, ಅರಗಿನ ಬಣ್ಣ. ವರ್ಷಕ್ಕೆ ಎರಡು ಸಲ ಹ್ಯಾಂಬರ್ಗ್‌ಗೆ ಹಡಗಿನಲ್ಲಿ ಮಾಲು ಹೋಗುತ್ತದೆ. ಇಡೀ ಕಂಟೇನರ್ ತುಂಬುವಷ್ಟು ಇರುವುದಿಲ್ಲ, ಹಾಗಾಗಿ ಎಲ್‌ಸಿಎಲ್, ಅಂದರೆ ಬೇರೆಯವರ ಮಾಲಿನ ಜೊತೆಗೇ ನಮ್ಮದೂ. ನಾಲ್ಕು ವರ್ಷದಿಂದ ಬಳಸುತ್ತಿರುವುದು ಪೀಣ್ಯದಲ್ಲಿ ಅಳತೆ ಕೊಟ್ಟು ಮಾಡಿಸಿದ 7 ಪ್ಲೈ, ಅಂದರೆ ಏಳು ಪದರ ಕಾಗದದ, ಕ್ರಾಫ್ಟ್ ರಟ್ಟಿನ ಬಾಕ್ಸ್. 5 ಪ್ಲೈಗಿಂತ ಬಾಕ್ಸಿಗೆ ಸುಮಾರು 60 ರೂಪಾಯಿ ಜಾಸ್ತಿ ಬೀಳುತ್ತದೆ. ಅಷ್ಟು ಕೊಡಬಹುದಾ ಅಂತ ಕೇಳುವವರಿಗೆ: ಕೊಡಬಹುದು, ಆದರೆ ಅಳತೆ ಸರಿಯಿದ್ದರೆ ಮಾತ್ರ.

ಮೊದಲ ಸಲ 5 ಪ್ಲೈ ಬಾಕ್ಸಿನಲ್ಲಿ ಕಳಿಸಿದ್ದೆವು. ತಳದ ಸಾಲಿನ ಮೂಲೆಗಳೆಲ್ಲ ಕುಸಿದಿದ್ದವು, ಖರೀದಿದಾರರು ಫೋಟೊ ಕಳಿಸಿದರು. ಬಾಕ್ಸ್ ಗಟ್ಟಿ ಇಲ್ಲ ಅಂದುಕೊಂಡು 7 ಪ್ಲೈಗೆ ಹೋದೆವು. ಎರಡನೇ ಸಲವೂ ಅದೇ ಫೋಟೊ! ಆಮೇಲೆ ಗೋದಾಮಿನಲ್ಲಿ ಟೇಪು ಹಿಡಿದು ಕೂತಾಗ ಗೊತ್ತಾಯಿತು, ನಾವು 60×40 ಸೆಂಟಿಮೀಟರ್ ಅಂತ ಹೇಳಿದ್ದನ್ನು ತಯಾರಕರು ಒಳ ಅಳತೆ ಅಂತ ತೆಗೆದುಕೊಂಡಿದ್ದರು. 7 ಪ್ಲೈ ರಟ್ಟು ಒಂದು ಸೆಂಟಿಮೀಟರಿನಷ್ಟು ದಪ್ಪ ಇರುತ್ತದೆ ಅಲ್ವಾ, ಹಾಗಾಗಿ ಹೊರಗಡೆ 62×42 ಆಗಿತ್ತು. ಯುರೋಪಿನ ಪ್ಯಾಲೆಟ್, ಅಂದರೆ ಬಾಕ್ಸ್ ಪೇರಿಸುವ ಮರದ ಹಲಗೆಗಳ ಅಡಿಪಾಯ, 120×80. ಅದರ ಮೇಲೆ ಒಂದು ಸಾಲಿಗೆ ನಾಲ್ಕು ಬಾಕ್ಸ್ ಇಟ್ಟರೆ ಸುತ್ತಲೂ ಎರಡೆರಡು ಸೆಂಟಿಮೀಟರ್ ಆಚೆ ಬರುತ್ತಿತ್ತು. ರಟ್ಟಿನ ಬಾಕ್ಸಿನ ಬಲ ಹೆಚ್ಚಾಗಿ ಇರುವುದು ಅದರ ನಾಲ್ಕು ಮೂಲೆಗಳಲ್ಲಿ. ಮೂಲೆಯ ಕೆಳಗೆ ಹಲಗೆಯೇ ಇಲ್ಲದಿದ್ದರೆ ಎಷ್ಟು ಪ್ಲೈ ಇದ್ದರೇನು? ಈಗ ಆರ್ಡರ್ ಚೀಟಿಯಲ್ಲಿ 'ಹೊರ ಅಳತೆ' ಅಂತ ದಪ್ಪಕ್ಷರದಲ್ಲಿ ಬರೆಯುತ್ತೇವೆ. ಇಟ್ಟಿಗೆ ಗೋಡೆ ಕಟ್ಟುವ ಹಾಗೆ ಅಡ್ಡಡ್ಡ ಪೇರಿಸುವುದನ್ನೂ ಬಿಟ್ಟೆವು. ಮೂಲೆ ಮೇಲೆ ಮೂಲೆ ಬರುವ ಹಾಗೆ ನೆಟ್ಟಗೆ ನಾಲ್ಕು ಸಾಲು, ಮೂಲೆಗಳಿಗೆ ರಟ್ಟಿನ ಪಟ್ಟಿ, ಮೇಲೆ ಸ್ಟ್ರೆಚ್ ಫಿಲ್ಮ್. ಅಲ್ಲಿಂದ ಈಚೆಗೆ ಒಂದು ಬಾಕ್ಸೂ ಕುಸಿದಿಲ್ಲ.

ಬೂಷ್ಟು ಬೇರೆಯದೇ ಕಥೆ. ಬಾಕ್ಸ್ ಎಷ್ಟೇ ದಪ್ಪ ಇದ್ದರೂ ಅದು ಕಾಗದ, ತೇವ ಹೀರಿದರೆ ಮೆತ್ತಗಾಗುತ್ತದೆ. ಹಗಲು ಕಾದ ಕಂಟೇನರ್ ರಾತ್ರಿ ತಣ್ಣಗಾದಾಗ ಒಳಗಿನ ಚಾವಣಿಯಿಂದ ನೀರು ತೊಟ್ಟಿಕ್ಕುತ್ತದೆ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ ಮೇಲೆ ಎಷ್ಟೋ ಹಡಗುಗಳು ಸೂಯೆಜ್ ಬಿಟ್ಟು ಆಫ್ರಿಕಾ ಸುತ್ತಿಕೊಂಡು ಹೋಗತೊಡಗಿದವು, ಎರಡು ವಾರದ ಹತ್ತಿರ ಜಾಸ್ತಿ, ಅದೂ ಸಮಭಾಜಕ ವೃತ್ತವನ್ನು ಎರಡು ಸಲ ದಾಟಿಕೊಂಡು. ಆ ಸಲ ತೇವ ಹೀರಲು ಹಾಕಿದ್ದ ಸಿಲಿಕಾ ಜೆಲ್ ಪೊಟ್ಟಣ ಸಾಕಾಗಲಿಲ್ಲ, ಮೂರು ಬಾಕ್ಸಿನ ಗಿಲಕಿಗಳಿಗೆ ಬೂಷ್ಟು ಹಿಡಿದಿತ್ತು. ಈಗ ಕ್ಯಾಲ್ಸಿಯಂ ಕ್ಲೋರೈಡ್ ಚೀಲ ಹಾಕುತ್ತೇವೆ, ಅದು ಹೀರುವುದು ತುಂಬಾ ಜಾಸ್ತಿ. ಹೀರಿದ ನೀರು ಒಳಗೇ ಗಟ್ಟಿಯಾಗುವ ಬಗೆಯದನ್ನೇ ಕೇಳಿ ತೆಗೆದುಕೊಳ್ಳಿ, ಇಲ್ಲವಾದರೆ ಉಪ್ಪುನೀರು ಸೋರಿ ಇನ್ನೂ ಕೆಡುತ್ತದೆ. ಎಲ್ಲಕ್ಕಿಂತ ಮೊದಲು ಮರ ಒಣಗಿರಬೇಕು. ತೇವ ಅಳೆಯುವ ಮೀಟರ್ ಶೇ. 12ಕ್ಕಿಂತ ಮೇಲೆ ತೋರಿಸಿದರೆ ನಾವು ಪ್ಯಾಕ್ ಮಾಡುವುದೇ ಇಲ್ಲ. ಮಳೆಗಾಲದಲ್ಲಿ ಇದರಿಂದ ಹತ್ತು ದಿನ ತಡವಾದರೂ ಸರಿ.

ಅರಗಿನ ಮೇಲೆ ನೇರವಾಗಿ ಬಬಲ್ ರ್‍ಯಾಪ್ ಸುತ್ತಬೇಡಿ. ಸೆಕೆಗೆ ಅರಗು ಮೆತ್ತಗಾಗಿ ಗುಳ್ಳೆಗಳ ಅಚ್ಚು ಬೀಳುತ್ತದೆ, ಕುಶಲಕರ್ಮಿಗಳು ತಾಳೆ ಗರಿ ಹಿಡಿದು ತಂದ ಹೊಳಪು ಹೋಗಿಬಿಡುತ್ತದೆ. ಅದನ್ನು ನೋಡಿದಾಗ ನನಗೆ ನಿಜವಾಗಿ ಹೊಟ್ಟೆ ಉರಿಯಿತು. ಮೊದಲು ಟಿಶ್ಯೂ ಕಾಗದ, ಆಮೇಲೆ ಬೇರೆ ಏನಾದರೂ.

ಪ್ಯಾಲೆಟ್ ವಿಷಯದಲ್ಲಿ ದುಡ್ಡು ಉಳಿಸಲು ಹೋಗಬೇಡಿ. ಮರದ ಪ್ಯಾಕಿಂಗ್ ಮೂಲಕ ಕೀಟ ಹರಡದಂತೆ ಮಾಡಿರುವ ಅಂತರರಾಷ್ಟ್ರೀಯ ಐಎಸ್‌ಪಿಎಂ 15 ನಿಯಮದ ಪ್ರಕಾರ ಮರದ ತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಕಾದಿರಬೇಕು, ಗೋಧಿ ತೆನೆಯ ಗುರುತಿನ ಜೊತೆ 'ಎಚ್‌ಟಿ' (ಬಿಸಿ ಮಾಡಿದ್ದು ಅಂತ) ಮುದ್ರೆ ಇರಬೇಕು. ಮುದ್ರೆ ಇಲ್ಲದಿದ್ದರೆ ಅಲ್ಲಿ ಮಾಲು ತಡೆಯುತ್ತಾರೆ. ಒಡೆದ ಹಲಗೆಗೆ ಗುಜರಿ ಮರ ಬಡಿದು ರಿಪೇರಿ ಮಾಡಿದರೆ ಹಳೆಯ ಮುದ್ರೆಗೆ ಬೆಲೆ ಇಲ್ಲ. ಪೂರ್ತಿ ಪ್ಲೈವುಡ್‌ನಲ್ಲೇ ಮಾಡಿದ ಪ್ಯಾಲೆಟ್‌ಗೆ ಈ ತಲೆನೋವಿಲ್ಲ.

ವಿಮಾನದಲ್ಲಿ ಕಳಿಸುವ ಸ್ಯಾಂಪಲ್‌ಗೆ ಮಾತ್ರ ಈ ಬಾಕ್ಸ್ ಬೇಡ. ಏರ್ ಕಾರ್ಗೋದಲ್ಲಿ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 6000ದಿಂದ ಭಾಗಿಸಿ ತೂಕದ ಲೆಕ್ಕ ಹಾಕುತ್ತಾರೆ. 60×40×40ಕ್ಕೆ 16 ಕೆ.ಜಿ. ಬರುತ್ತದೆ, ಒಳಗೆ 7 ಕೆ.ಜಿ. ಇದ್ದರೂ 16ಕ್ಕೇ ದುಡ್ಡು. ಅದಕ್ಕೆ ಚಿಕ್ಕ 5 ಪ್ಲೈ ಬಾಕ್ಸೇ ಸಾಕು.

ಒಂದು ದೂರು ಇದೆ. ಎರಡು ವರ್ಷದ ಹಿಂದೆ ಬಂದ ಒಂದು ಲಾಟಿನಲ್ಲಿ ಕಾಗದ ತೆಳುವಾಗಿತ್ತು, ತಯಾರಕರು ಹೇಳದೇ ಬದಲಿಸಿದ್ದರು. ಅಂದಿನಿಂದ ಪ್ರತಿ ಲಾಟಿನಿಂದ ಒಂದು ಬಾಕ್ಸ್ ತೆಗೆದು, ಮಾಲು ತುಂಬಿ, ಎರಡು ಅಡಿ ಎತ್ತರದಿಂದ ಮೂಲೆ ಕೆಳಗಾಗಿ ಬೀಳಿಸಿ, ಬಿಚ್ಚಿ ನೋಡುತ್ತೇವೆ. ಬಿರಿದರೆ ಆ ಲಾಟು ವಾಪಸ್.